ಗುಹೆಯಿಂದ ಬಂದ ಪೋಪ್, ಐದೇ ತಿಂಗಳಿಗೆ ರಾಜೀನಾಮೆ: ಐದನೇ ಸೆಲೆಸ್ಟೈನ್ ಪ್ರಕರಣ

2013ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಪೀಠ ಬಿಟ್ಟಾಗ ಎಲ್ಲಾ ಕಡೆ "600 ವರ್ಷದಲ್ಲಿ ಇದೇ ಮೊದಲು" ಅಂತಾನೇ ಸುದ್ದಿ ಓಡ್ತು. ಲೆಕ್ಕ ಸರಿಯಾಗೇ ಇದೆ, ಅದಕ್ಕೂ ಹಿಂದೆ ಬಿಟ್ಟಿದ್ದು 1415ರಲ್ಲಿ ಹನ್ನೆರಡನೇ ಗ್ರೆಗರಿ. ಆದ್ರೆ ಗ್ರೆಗರಿದು ಬೇರೇನೇ ಕಥೆ, ಆಗ ಒಂದೇ ಪೀಠಕ್ಕೆ ಮೂರು ಜನ "ನಾನೇ ಪೋಪ್ ನಾನೇ ಪೋಪ್" ಅಂತ ಕೂತಿದ್ರು, ಕಾನ್‌ಸ್ಟೆನ್ಸ್‌ನಲ್ಲಿ ಮಹಾಸಭೆ ಸೇರಿಸಿ ಮೂರನ್ನೂ ಖಾಲಿ ಮಾಡಿಸಿ ಹೊಸಬರನ್ನ ಕೂರಿಸಿದ್ರು. ಅದನ್ನ ರಾಜೀನಾಮೆ ಅನ್ನೋದಕ್ಕಿಂತ ರಾಜಿ ಅಂದ್ರೇ ಸರಿ. ಇನ್ನೂ ಹಿಂದಕ್ಕೆ ಹೋದ್ರೆ 1045ರಲ್ಲಿ ಒಂಬತ್ತನೇ ಬೆನೆಡಿಕ್ಟ್ ಅನ್ನೋ ಮಹಾಶಯ ದುಡ್ಡು ತಗೊಂಡು ಪೀಠಾನ ತನ್ನ ಜ್ಞಾನಪಿತನಿಗೇ ಬಿಟ್ಟುಕೊಟ್ಟ, ಅದು ಮಾರಾಟ. 235ರಲ್ಲಿ ಪೊಂಟಿಯನ್ ಅನ್ನೋರನ್ನ ರೋಮನ್ ಸರ್ಕಾರ ಸಾರ್ಡೀನಿಯಾಗೆ ಗಡೀಪಾರು ಮಾಡಿದಾಗ ಅವರು ಬಿಟ್ರು, ಬಿಡದೇ ಬೇರೆ ದಾರಿ ಇರ್ಲಿಲ್ಲ. ಹೀಗೆ ಒಂದೊಂದನ್ನೇ ತೆಗೆದುಹಾಕ್ತಾ ಬಂದ್ರೆ, ಎದುರಾಳಿ ಇಲ್ಲದೆ, ದುಡ್ಡಿಲ್ಲದೆ, ಗಡೀಪಾರಿಲ್ಲದೆ "ನನ್ನ ಕೈಲಿ ಆಗಲ್ಲ" ಅಂತ ಹೇಳಿ ಎದ್ದು ಹೋದವರು ಹದಿನಾರನೇ ಬೆನೆಡಿಕ್ಟ್‌ಗಿಂತ ಮುಂಚೆ ಒಬ್ರೇ ಸಿಗೋದು. 1294ರ ಐದನೇ ಸೆಲೆಸ್ಟೈನ್.

ಇವರ ಬಗ್ಗೆ ಮಾತು ಬಂದ್ರೆ ಎಲ್ರೂ ಒಂದೇ ಪ್ರಶ್ನೆಗೆ ಜೋತು ಬೀಳ್ತಾರೆ, ಇವರು ಹೇಡಿನಾ ಸಂತನಾ ಅಂತ. ನನಗೆ ಅದಕ್ಕಿಂತ ಕುತೂಹಲ ಇರೋದು ಬೇರೆ ವಿಷಯದಲ್ಲಿ. ರಾಜೀನಾಮೆ ಕೆಲಸಾನ ಇವರು ಭಾಳ ಅಚ್ಚುಕಟ್ಟಾಗೇ ಮಾಡಿದ್ರು, ಎಡವಟ್ಟಾಗಿದ್ದು ಅದಾದ ಮೇಲೆ. ಮಾಜಿ ಪೋಪ್ ಅನ್ನೋ ಮನುಷ್ಯನನ್ನ ಎಲ್ಲಿಡಬೇಕು ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ.

ಖಾಲಿ ಪೀಠ

1292ರ ಏಪ್ರಿಲ್ 4ಕ್ಕೆ ನಾಲ್ಕನೇ ನಿಕೋಲಸ್ ತೀರಿಕೊಂಡ್ರು. ಆಗ ಇದ್ದ, ಪೋಪ್ ಯಾರಾಗ್ಬೇಕು ಅಂತ ಆರಿಸೋ ಹಿರಿಯ ಪಾದ್ರಿಗಳಾದ ಕಾರ್ಡಿನಲ್‌ಗಳು ಬರೀ 12 ಜನ, ಅದ್ರಲ್ಲೂ ಒಬ್ರು ಅದೇ ಬೇಸಿಗೇಲಿ ಸತ್ತು 11 ಉಳಿದ್ರು. ಆಯ್ಕೆ ಆಗ್ಬೇಕಂದ್ರೆ ಮೂರರಲ್ಲಿ ಎರಡು ಪಾಲು ಮತ ಬೇಕು. ರೋಮ್‌ನ ಎರಡು ದೊಡ್ಡ ಮನೆತನ ಒರ್ಸೀನಿ ಮತ್ತೆ ಕೊಲೊನ್ನಾ, ಎರಡೂ ಕಡೆಯವರು ಒಳಗೆ ಕೂತಿದ್ರು, ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಂಗೆ. ಒಬ್ಬರ ಹೆಸರು ಬಂದ್ರೆ ಇನ್ನೊಬ್ರು ಬೇಡ ಅಂತಿದ್ರು, ಸೆಕೆ ಜಾಸ್ತಿ ಆದ್ರೆ ಜ್ವರದ ಭಯಕ್ಕೆ ಕೆಲವರು ಊರು ಬಿಟ್ಟು ಹೋಗ್ತಿದ್ರು, ಆಮೇಲೆ ಎಲ್ಲರೂ ಪೆರೂಜಾದಲ್ಲಿ ಸೇರಿದ್ರು, ಅಲ್ಲೂ ಅಷ್ಟೇ.

ಇಲ್ಲೊಂದು ವಿಷಯ ಗಮನಿಸ್ಬೇಕು. ಕಾರ್ಡಿನಲ್‌ಗಳನ್ನ ಒಳಗೆ ಕೂಡಿಹಾಕಿ ಬೀಗ ಹಾಕೋ ಕಾನ್‌ಕ್ಲೇವ್ ನಿಯಮ ಅಷ್ಟೊತ್ತಿಗಾಗಲೇ ಒಂದು ಸಲ ಬಂದು ಹೋಗಿತ್ತು. ಹತ್ತನೇ ಗ್ರೆಗರಿ 1274ರಲ್ಲಿ ಅದನ್ನ ತಂದಿದ್ರು: ಪೋಪ್ ಸತ್ತ ಹತ್ತು ದಿನ ಕಾಯೋದು, ಆಮೇಲೆ ಒಳಗೆ ಹಾಕಿ ಬಾಗಿಲು ಮುಚ್ಚೋದು, ಮೂರು ದಿನಕ್ಕೆ ಮುಗಿಸದಿದ್ರೆ ಊಟ ಒಂದೇ ಬಗೆಗೆ ಇಳಿಸೋದು, ಆಮೇಲೂ ಐದು ದಿನ ಎಳೆದ್ರೆ ಬರೀ ಬ್ರೆಡ್ಡು, ನೀರು, ವೈನು. ಕಾರ್ಡಿನಲ್‌ಗಳಿಗೆ ಇದು ಹೆಂಗೆ ಹಿಡಿಸುತ್ತೆ ಹೇಳಿ, ಎರಡೇ ವರ್ಷದಲ್ಲಿ, 1276ರಲ್ಲಿ, ಅದನ್ನ ತೆಗೆಸಿ ಹಾಕಿಸಿದ್ರು. ಹಾಗಾಗಿ 1292ರಲ್ಲಿ ಕೂಡಿಹಾಕೋರು ಯಾರೂ ಇಲ್ಲ, ಹೊಟ್ಟೆಗೆ ಕಡಿಮೆ ಇಲ್ಲ, ಅವಸರವೂ ಇಲ್ಲ. ಎರಡು ವರ್ಷ ಮೂರು ತಿಂಗಳು ಪೀಠ ಖಾಲಿ.

ಇದರ ಮಧ್ಯೆ ಅವಸರ ಇದ್ದೋನು ಒಬ್ಬನೇ, ನೇಪಲ್ಸ್‌ನ ರಾಜ ಎರಡನೇ ಚಾರ್ಲ್ಸ್. ಸಿಸಿಲಿ ದ್ವೀಪ ಅವನ ಮನೆತನದ ಕೈತಪ್ಪಿ ಸ್ಪೇನ್ ಕಡೆಯ ಆರಗಾನ್‌ನವರ ಪಾಲಾಗಿತ್ತು, ಅದು ವಾಪಸ್ ಬರಬೇಕಾದ್ರೆ ಮಾಡಿಕೊಂಡ ಒಪ್ಪಂದಕ್ಕೆ ಪೋಪ್ ಮೊಹರು ಬೀಳ್ಬೇಕು, ಪೋಪೇ ಇಲ್ಲ ಅಂದ್ರೆ ಮೊಹರು ಎಲ್ಲಿಂದ ಬರುತ್ತೆ. 1294ರ ವಸಂತದಲ್ಲಿ ಅವನು ಪೆರೂಜಾಗೇ ಬಂದು "ಬೇಗ ಮುಗಿಸಿ" ಅಂತ ಒತ್ತಾಯ ಮಾಡಿದ. ಆಗ ಅವನಿಗೆ ತಿರುಗಿ ಬಿದ್ದು ಜಗಳ ಆಡಿದ ಕಾರ್ಡಿನಲ್ ಒಬ್ರಿದ್ರು, ಬೆನೆದೆತ್ತೊ ಕಾಯೆತಾನಿ, ಕಾನೂನು ಅರೆದು ಕುಡಿದಿದ್ದ ಮನುಷ್ಯ. ಈ ಹೆಸರು ನೆನಪಿಟ್ಟುಕೊಳ್ಳಿ, ಕಥೆಯ ಕೊನೆವರೆಗೂ ಬರ್ತಾರೆ.

ಬೆಟ್ಟದ ಅಜ್ಜ

ಸುಲ್ಮೋನಾ ಊರಿನ ಪಕ್ಕ ಮೊರೋನೆ ಅಂತ ಬೆಟ್ಟ. ಅಲ್ಲಿ ಪಿಯೆತ್ರೊ ಅಂತ ಒಬ್ಬ ಸನ್ಯಾಸಿ, ವಯಸ್ಸು 80ರ ಆಸುಪಾಸು, ರೈತರ ಮನೆಯ ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಚಿಕ್ಕ ವಯಸ್ಸಿಂದಲೂ ಗುಹೆ, ಉಪವಾಸ, ಮೌನ. ಜನ ಹುಡುಕಿಕೊಂಡು ಬಂದ್ರೆ ಇವರು ಇನ್ನೂ ಮೇಲಿನ ಗುಹೆಗೆ ಹೋಗೋರು, ಜನ ಅಲ್ಲಿಗೂ ಹತ್ತಿ ಬರೋರು. ಹಾಗಂತ ಲೋಕ ಗೊತ್ತಿಲ್ಲದ ಮುಗ್ಧ ಅಂತ ಮಾತ್ರ ಅಂದ್ಕೋಬೇಡಿ. ಸುತ್ತ ಸೇರಿದ ಶಿಷ್ಯರನ್ನ ಸೇರಿಸಿ ಒಂದು ಸನ್ಯಾಸಿ ಸಂಘಾನೇ ಕಟ್ಟಿದ್ರು, ಅದಕ್ಕೆ ಕುತ್ತು ಬರೋ ಹಾಗಿದೆ ಅಂತ ಗೊತ್ತಾದಾಗ ಇಟಲಿಯಿಂದ ಫ್ರಾನ್ಸಿನ ಲಿಯೋನ್‌ವರೆಗೆ ನಡ್ಕೊಂಡು ಹೋಗಿ ಹತ್ತನೇ ಗ್ರೆಗರಿ ಹತ್ರ ಮಾನ್ಯತೆ ತಗೊಂಡು ಬಂದಿದ್ರು, ಲಾಕ್ವಿಲಾದಲ್ಲಿ ಕೊಲ್ಲೆಮಾಜ್ಜೊ ಅನ್ನೋ ದೊಡ್ಡ ಚರ್ಚನ್ನೇ ಕಟ್ಟಿಸಿದ್ರು. ಸಣ್ಣ ಸಂಸ್ಥೆ ನಡೆಸೋದು ಇವರಿಗೆ ಬರ್ತಿತ್ತು. ಬರದೇ ಇದ್ದಿದ್ದು ದೊಡ್ಡ ಸಂಸ್ಥೆ ನಡೆಸೋದು, ಈ ಎರಡು ಒಂದೇ ಕೆಲಸ ಅಲ್ಲ ಅನ್ನೋದು ಈ ಪ್ರಕರಣದಲ್ಲಿ ಗೊತ್ತಾಗೋ ಹಾಗೆ ಬೇರೆ ಕಡೆ ಗೊತ್ತಾಗಲ್ಲ.

ಈ ಅಜ್ಜ ಕಾರ್ಡಿನಲ್‌ಗಳಿಗೆ ಒಂದು ಕಾಗದ ಬರೆದ್ರು, ಇನ್ನೂ ತಡ ಮಾಡಿದ್ರೆ ದೇವರ ಕೋಪಕ್ಕೆ ತುತ್ತಾಗ್ತೀರ ಅಂತ. ಹಿರಿಯ ಕಾರ್ಡಿನಲ್ ಲತೀನೊ ಮಲಬ್ರಾಂಕಾ ಅದನ್ನ ಸಭೇಲಿ ಹೇಳಿ, ಇವರನ್ನೇ ಯಾಕೆ ಮಾಡಬಾರದು ಅಂದುಬಿಟ್ರು. 1294ರ ಜುಲೈ 5. ಎರಡು ವರ್ಷ ಬಗೆಹರಿಯದ್ದು ಒಂದೇ ದಿನದಲ್ಲಿ ಬಗೆಹರೀತು. ಪವಾಡ ಅಂತ ಅವತ್ತಿನೋರು ಬರೆದ್ರು, ನನಗೆ ಕಾಣೋದು ಸುಸ್ತು. ಇವರು ಯಾವ ಬಣಕ್ಕೂ ಸೇರಿದವರಲ್ಲ, ಜೊತೆಗೆ ವಯಸ್ಸಾಗಿದೆ, ಎರಡು ವರ್ಷ ಇರ್ತಾರೆ ಅಷ್ಟೊತ್ತಿಗೆ ನಾವು ನಮ್ಮ ಲೆಕ್ಕಾಚಾರ ಮಾಡ್ಕೊಳೋಣ ಅಂತ ಎರಡೂ ಕಡೆಯವರು ಅಂದುಕೊಂಡಿದ್ರೆ ಅದ್ರಲ್ಲಿ ಆಶ್ಚರ್ಯ ಏನಿಲ್ಲ.

ನಿಯೋಗ ಬೆಟ್ಟ ಹತ್ತಿ ಸುದ್ದಿ ಹೇಳ್ತು, ಅಜ್ಜ ಮೊದಲು ಒಲ್ಲೆ ಅಂದು ಆಮೇಲೆ ಒಪ್ಕೊಂಡ್ರು. ಲಾಕ್ವಿಲಾಗೆ ಬಂದಿದ್ದು ಕತ್ತೆ ಮೇಲೆ. ಕತ್ತೆಯ ಹಗ್ಗ ಹಿಡ್ಕೊಂಡಿದ್ದು ಯಾರು ಅಂದ್ರೆ ರಾಜ ಚಾರ್ಲ್ಸ್ ಮತ್ತೆ ಅವನ ಮಗ. ನೋಡೋಕೆ ಭಕ್ತಿಯ ದೃಶ್ಯ, ಆದ್ರೆ ಆ ಹಗ್ಗ ಅವನ ಕೈಯಿಂದ ಕೊನೆವರೆಗೂ ಬಿಡ್ಲೇ ಇಲ್ಲ. ಆಗಸ್ಟ್ 29ಕ್ಕೆ ಕೊಲ್ಲೆಮಾಜ್ಜೊದಲ್ಲೇ ಐದನೇ ಸೆಲೆಸ್ಟೈನ್ ಅನ್ನೋ ಹೆಸರಲ್ಲಿ ಪಟ್ಟಾಭಿಷೇಕ ಆಯ್ತು, ಕಾರ್ಡಿನಲ್‌ಗಳು ನಮ್ಮ ಕಡೆ ಬನ್ನಿ ಅಂತ ಕರೆದ್ರೂ ಚಾರ್ಲ್ಸ್ ಇವರನ್ನ ತನ್ನ ಸೀಮೆ ದಾಟೋಕೆ ಬಿಡ್ಲಿಲ್ಲ, ಅಲ್ಲಿಂದ ಸೀದಾ ನೇಪಲ್ಸ್‌ಗೆ ಕರ್ಕೊಂಡು ಹೋಗಿ ತನ್ನದೇ ಕೋಟೆಯಲ್ಲಿ ಇಟ್ಕೊಂಡ. ರೋಮ್‌ನ ಬಿಷಪ್ ಆದ ಈ ಮನುಷ್ಯ ಪೋಪ್ ಆಗಿದ್ದಷ್ಟು ದಿನ ರೋಮ್‌ಗೆ ಕಾಲೇ ಇಡ್ಲಿಲ್ಲ.

ಐದು ತಿಂಗಳ ಆಡಳಿತ

ಸೆಪ್ಟೆಂಬರ್‌ನಲ್ಲಿ 12 ಹೊಸ ಕಾರ್ಡಿನಲ್‌ಗಳನ್ನ ಮಾಡಿದ್ರು, ಅದ್ರಲ್ಲಿ 7 ಜನ ಫ್ರೆಂಚರು, ಪಟ್ಟಿ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳೋದು ಬೇಡ. ಇದ್ದ ಹಳಬರಿಗಿಂತ ಹೊಸಬರೇ ಜಾಸ್ತಿ ಆದ್ರು. ಚಾರ್ಲ್ಸ್‌ನ ಮಗ ಲೂಯಿಗೆ ಲಿಯೋನ್‌ನ ಆರ್ಚ್‌ಬಿಷಪ್ ಹುದ್ದೆ ಕೊಟ್ರು, ಹುಡುಗನಿಗೆ ಆಗ ಇಪ್ಪತ್ತು ಇಪ್ಪತ್ತೊಂದು ವಯಸ್ಸು, ಮೇಲಾಗಿ ಆರಗಾನ್‌ನವರ ಹತ್ರ ಒತ್ತೆಯಾಳಾಗಿದ್ದ. ಕೇಳಿದೋರಿಗೆಲ್ಲ ಹೂಂ ಅಂತಿದ್ರಂತೆ, ಒಂದೇ ಹುದ್ದೇನ ಇಬ್ರು ಮೂವರಿಗೆ ಬರ್ಕೊಟ್ಟಿದ್ದು, ಹೆಸರು ತುಂಬದ ಖಾಲಿ ಆದೇಶಕ್ಕೆ ಮೊಹರು ಬಿದ್ದಿದ್ದು ಇವೆಲ್ಲ ಅವತ್ತಿನ ಬರಹಗಾರರ ದೂರು. ಲ್ಯಾಟಿನ್ ಸರಿಯಾಗಿ ಬರ್ತಿರ್ಲಿಲ್ಲ, ಸಭೆಗಳು ಆಡುಮಾತಿನಲ್ಲೇ ನಡೀಬೇಕಾಯ್ತು, ದರಬಾರಿನ ಗುಮಾಸ್ತರಿಗೆ ಇದಕ್ಕಿಂತ ಸುಗ್ಗಿ ಬೇಕಾ. ಒಟ್ನಲ್ಲಿ ಮೂಗಿಗಿಂತ ಮೂಗುತಿ ಭಾರ ಆಗ್ಬಿಟ್ಟಿತ್ತು.

ಆದ್ರೆ ಎರಡು ಕೆಲಸ ಗಟ್ಟಿಯಾಗಿ ಮಾಡಿದ್ರು. ಒಂದು, ಕೊಲ್ಲೆಮಾಜ್ಜೊಗೆ ಕೊಟ್ಟ ಕ್ಷಮಾದಾನ: ಪ್ರತಿ ವರ್ಷ ಆಗಸ್ಟ್ 28ರ ಸಂಜೆಯಿಂದ 29ರ ಸಂಜೆವರೆಗೆ ಪಾಪನಿವೇದನೆ ಮಾಡ್ಕೊಂಡು ಪಶ್ಚಾತ್ತಾಪದಿಂದ ಆ ಚರ್ಚಿನೊಳಗೆ ಹೋದವರಿಗೆ ಪೂರ್ತಿ ಮಾಫಿ, ದುಡ್ಡಿಲ್ಲ ಕಾಸಿಲ್ಲ, ಬಡವರಿಗೂ ಶ್ರೀಮಂತರಿಗೂ ಒಂದೇ. ಲಾಕ್ವಿಲಾದಲ್ಲಿ ಇವತ್ತಿಗೂ ಇದು ನಡಿಯುತ್ತೆ, 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಎರಡನೇದು, ಆ ಹಳೇ ಕಾನ್‌ಕ್ಲೇವ್ ನಿಯಮಾನ ವಾಪಸ್ ತಂದ್ರು. ತನ್ನ ಆಯ್ಕೆಗೆ ಎರಡು ವರ್ಷ ಎಳೆದಾಡಿದ್ದನ್ನ ಕಂಡವರು, ಇನ್ಮೇಲೆ ಹಂಗಾಗಬಾರದು ಅಂತ ಬೀಗ ಹಾಕಿಸಿದ್ರು. ಕೆಲಸಕ್ಕೆ ಬಾರದ ಪೋಪ್ ಅಂತ ಬೈಯೋರು ಇದನ್ನ ಸೇರಿಸ್ಕೊಂಡು ಲೆಕ್ಕ ಹಾಕ್ಬೇಕು.

ಕೋಟೆಯೊಳಗೆ ಇವರಿಗೆ ಉಸಿರು ಕಟ್ಟೋಕೆ ಶುರುವಾಯ್ತು. ತಮ್ಮ ಕೋಣೇಲೇ ಮರದ ಹಲಗೆಯಲ್ಲಿ ಗುಹೆ ಥರದ ಒಂದು ಗೂಡು ಮಾಡಿಸ್ಕೊಂಡು ಅದರೊಳಗೆ ಸೇರ್ಕೊಳ್ತಿದ್ರು. ಕ್ರಿಸ್ಮಸ್‌ಗೆ ಮುಂಚಿನ ಉಪವಾಸದ ವಾರಗಳು ಹತ್ರ ಬಂದಾಗ, ನಾನು ಏಕಾಂತಕ್ಕೆ ಹೋಗ್ತೀನಿ ಅಷ್ಟು ದಿನ ಮೂರು ಜನ ಕಾರ್ಡಿನಲ್‌ಗಳು ಆಡಳಿತ ನೋಡ್ಕೊಳ್ಲಿ ಅಂತ ಯೋಜನೆ ಮಾಡಿದ್ರು. ಅಂದ್ರೆ ಮೊದಲು ಕೇಳಿದ್ದು ರಾಜೀನಾಮೆ ಅಲ್ಲ, ರಜೆ. ಒರ್ಸೀನಿ ಕಡೆಯ ಕಾರ್ಡಿನಲ್ ಒಬ್ರು ಇದಾಗೋದಿಲ್ಲ, ಒಂದು ಸಭೆಗೆ (ಅಂದ್ರೆ ಇಡೀ ಚರ್ಚ್ ವ್ಯವಸ್ಥೆಗೆ) ಮೂರು ಪೋಪ್ ಆದ ಹಾಗಾಗುತ್ತೆ ಅಂತ ಅಡ್ಡ ಹಾಕಿದ್ರು. ರಜೆ ಸಿಕ್ಕಿದ್ರೆ ರಾಜೀನಾಮೆ ಆಗ್ತಿತ್ತಾ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದೀನಿ.

ಯಾರಿಗೆ ಕೊಡೋದು ರಾಜೀನಾಮೆ?

ಬಿಷಪ್ ಹುದ್ದೆ ಬಿಡ್ಬೇಕಂದ್ರೆ ಪೋಪ್ ಅನುಮತಿ ಬೇಕು. ಪೋಪೇ ಬಿಡ್ಬೇಕಂದ್ರೆ? ಮೇಲೆ ಇರೋದು ದೇವರೊಬ್ಬನೇ, ಅವನಿಗೆ ಅರ್ಜಿ ಹಾಕಿ ಸಹಿ ತರೋಕಾಗಲ್ಲ. ಆಗಿನ ಕಾನೂನು ಪಂಡಿತರಲ್ಲಿ ಕೆಲವರು ಆಗುತ್ತೆ ಅಂತಿದ್ರು, ಇನ್ನು ಕೆಲವರು ಇದು ಮದುವೆ ಇದ್ದ ಹಾಗೆ, ಪೋಪ್‌ಗೂ ಸಭೆಗೂ ಬಿದ್ದ ಗಂಟನ್ನ ಮನುಷ್ಯರು ಬಿಚ್ಚೋಕಾಗಲ್ಲ ಅಂತಿದ್ರು. ಸೆಲೆಸ್ಟೈನ್ ಸಲಹೆ ಕೇಳಿದ್ದು ಯಾರನ್ನ ಅಂದ್ರೆ ಅದೇ ಕಾಯೆತಾನಿಯವರನ್ನ. ಅವರು ಆಗುತ್ತೆ ಅಂತ ಹೇಳಿ ಕರಡು ಬರೆಯೋಕೂ ನೆರವಾದ್ರು.

ಸುದ್ದಿ ಸೋರ್ತು. ನೇಪಲ್ಸ್ ಜನ ಪಾದ್ರಿಗಳ ಜೊತೆ ಮೆರವಣಿಗೆ ಮಾಡ್ಕೊಂಡು ಕೋಟೆ ಕೆಳಗೆ ಬಂದು ಬಿಡಬೇಡಿ ಅಂತ ಬೇಡ್ಕೊಂಡ್ರು, ಚಾರ್ಲ್ಸ್‌ಗಂತೂ ಬಿಡೋದು ಬೇಕೇ ಇರ್ಲಿಲ್ಲ, ಇಂಥ ಪೋಪ್ ಅವನಿಗೆ ಇನ್ನೆಲ್ಲಿ ಸಿಗ್ತಾರೆ. ಸೆಲೆಸ್ಟೈನ್ ಸ್ಪಷ್ಟ ಉತ್ತರ ಕೊಡದೆ ಕಳಿಸಿದ್ರು. ಆಮೇಲೆ ಡಿಸೆಂಬರ್ 10ಕ್ಕೆ ಒಂದು ಆದೇಶ ಹೊರಡಿಸಿದ್ರು: ಕಾನ್‌ಕ್ಲೇವ್ ನಿಯಮ ಪೋಪ್ ಸತ್ತಾಗ ಮಾತ್ರ ಅಲ್ಲ, ಪೋಪ್ ಪೀಠ ಬಿಟ್ಟಾಗಲೂ ಅನ್ವಯ ಆಗುತ್ತೆ ಅಂತ. ಈ ಒಂದು ಕಾಗದಕ್ಕೋಸ್ಕರಾನೇ ನಾನು ಇವರನ್ನ ಹೆದರಿ ಓಡಿದೋರು ಅಂತ ಒಪ್ಪಲ್ಲ. ಓಡೋ ಮನುಷ್ಯ ಹಿಂದಿನ ಬಾಗಿಲಿಗೆ ಚಿಲಕ ಸರಿಯಾಗಿ ಬಿದ್ದಿದ್ಯಾ ಅಂತ ತಿರುಗಿ ನೋಡಲ್ಲ.

ಡಿಸೆಂಬರ್ 13, ಸಂತ ಲೂಸಿಯ ಹಬ್ಬ. ಕಾರ್ಡಿನಲ್‌ಗಳ ಮುಂದೆ ಕೂತು ತಾವೇ ಓದಿದ್ರು. ಕಾರಣಗಳನ್ನೂ ಪಟ್ಟಿ ಮಾಡಿದ್ರು: ವಿನಯ, ಇದಕ್ಕಿಂತ ಒಳ್ಳೇ ಬದುಕಿನ ಆಸೆ, ಮನಸ್ಸಾಕ್ಷಿ, ಮೈಯಲ್ಲಿ ಶಕ್ತಿ ಇಲ್ಲ, ಬೇಕಾದಷ್ಟು ತಿಳಿವಳಿಕೆ ಇಲ್ಲ, ಜನರ ಕೆಟ್ಟತನ, ಮತ್ತೆ ಹಳೇ ಬದುಕಿನ ನೆಮ್ಮದಿ ವಾಪಸ್ ಬೇಕು. ತಿಳಿವಳಿಕೆ ಇಲ್ಲ ಅಂತ ತನ್ನ ಬಗ್ಗೆ ತಾನೇ ಬರೆದು ತುಂಬಿದ ಸಭೇಲಿ ಓದೋದು ಸಾಮಾನ್ಯ ಮಾತಲ್ಲ. ಓದಿ ಮುಗಿಸಿ ಪೀಠದಿಂದ ಇಳಿದು ಉಂಗುರ, ಕಿರೀಟ, ನಿಲುವಂಗಿ ಒಂದೊಂದಾಗಿ ತೆಗೆದಿಟ್ಟು ನೆಲದ ಮೇಲೆ ಕೂತ್ರು.

ಹತ್ತು ದಿನ ಕಾದು ಅವರದೇ ನಿಯಮದ ಪ್ರಕಾರ ಅದೇ ಕೋಟೇಲಿ ಕಾನ್‌ಕ್ಲೇವ್ ಸೇರ್ತು. ಎರಡು ವರ್ಷ ಹಿಡಿದಿದ್ದ ಕೆಲಸ ಈ ಸಲ ಒಂದೇ ದಿನ. ಡಿಸೆಂಬರ್ 24ಕ್ಕೆ ಗೆದ್ದಿದ್ದು ಕಾಯೆತಾನಿ, ಎಂಟನೇ ಬೋನಿಫೇಸ್ ಅನ್ನೋ ಹೆಸರಲ್ಲಿ.

ಸಲಹೆ ಕೊಟ್ಟವರೇ ಪೀಠಕ್ಕೆ ಬಂದ್ರೆ ಊರು ಸುಮ್ನಿರುತ್ತಾ. ರಾತ್ರಿ ಹೊತ್ತು ಗೋಡೆ ಮೂಲಕ ಕೊಳವೆ ತೂರಿಸಿ ದೇವದೂತನ ದನಿಯಲ್ಲಿ "ಪೀಠ ಬಿಡು" ಅಂತ ಅಜ್ಜನ ಕಿವಿಗೆ ಊದಿದ್ರು ಅಂತ ಗಾಳಿಮಾತು ಹುಟ್ಟಿತು. ಕೇಳೋಕೆ ಮಜವಾಗಿದೆ, ಆದ್ರೆ ನಂಬೋಕೆ ಕಷ್ಟ, ಬೋನಿಫೇಸ್ ಕಂಡ್ರೆ ಆಗದವರು ಊದಿ ದೊಡ್ಡದು ಮಾಡಿದ ಕಥೆ ಇದು. ಸ್ವಂತ ಇಚ್ಛೆನಾ ಅಂದ್ರೆ ನನ್ನ ಉತ್ತರ ಹೌದು. ಬಿಡಬೇಕು ಅನ್ನೋ ಆಸೆ ಅಜ್ಜನದೇ, ಅದಕ್ಕೆ ಕಾನೂನಿನ ದಾರಿ ತೋರಿಸೋದ್ರಲ್ಲಿ ಕಾಯೆತಾನಿಗೆ ಲಾಭ ಇತ್ತು, ಎರಡೂ ಒಟ್ಟೊಟ್ಟಿಗೆ ನಿಜ ಆಗ್ಬಹುದು.

ಮಾಜಿ

ಅಜ್ಜ ಅಂದ್ಕೊಂಡಿದ್ದು ಸರಳ: ಬಟ್ಟೆ ಬದಲಾಯಿಸ್ದೆ, ಮತ್ತೆ ಪಿಯೆತ್ರೊ ಆದೆ, ಬೆಟ್ಟಕ್ಕೆ ಹೋಗ್ತೀನಿ. ಬೋನಿಫೇಸ್‌ಗೆ ಅದು ಅಷ್ಟು ಸರಳ ಅಲ್ಲ. ಜನ ಸಂತ ಅಂತ ಪೂಜೆ ಮಾಡೋ ಮನುಷ್ಯ, ನಾಳೆ ಯಾರೋ ಹಿಡ್ಕೊಂಡು ಹೋಗಿ "ಅಸಲಿ ಪೋಪ್ ಇವರೇ" ಅಂದ್ರೆ ಸಭೆ ಎರಡಾಗುತ್ತೆ. ಈ ಭಯ ಹುಸಿ ಅಲ್ಲ ಅಂತ ಮುಂದೆ ಗೊತ್ತಾಯ್ತು. ಅದಕ್ಕೇ ಸೆಲೆಸ್ಟೈನ್ ಕೊಟ್ಟಿದ್ದ ಆದೇಶಗಳನ್ನ ಬಹುತೇಕ ರದ್ದು ಮಾಡಿ (ಕಾನ್‌ಕ್ಲೇವ್ ನಿಯಮ ಮಾತ್ರ ಉಳಿಸ್ಕೊಂಡು), ಅಜ್ಜನನ್ನ ಕಾವಲಿನಲ್ಲಿ ಜೊತೆಗೇ ಕರ್ಕೊಂಡು ಬನ್ನಿ ಅಂತ ಹೇಳಿದ್ರು.

ದಾರೀಲಿ ಅಜ್ಜ ತಪ್ಪಿಸ್ಕೊಂಡ್ರು! 80 ದಾಟಿದ ಮನುಷ್ಯ, ಚಳಿಗಾಲ, ಮೊದಲು ತಮ್ಮ ಬೆಟ್ಟಕ್ಕೆ, ಅಲ್ಲೂ ಹುಡುಕ್ಕೊಂಡು ಬರ್ತಾರೆ ಅಂತ ಗೊತ್ತಾಗಿ ಪೂರ್ವದ ಪುಲ್ಯಾ ಸೀಮೆಯ ಕಾಡಿಗೆ, ಅಲ್ಲಿಂದ ದೋಣಿ ಹತ್ತಿ ಆಡ್ರಿಯಾಟಿಕ್ ಸಮುದ್ರ ದಾಟಿ ಗ್ರೀಸ್ ಕಡೆ ಹೋಗೋ ಪ್ಲಾನು. ಗಾಳಿ ಕೈಕೊಟ್ಟಿತು, ದೋಣಿ ವಾಪಸ್ ದಡಕ್ಕೆ ಬಂತು, ವಿಯೆಸ್ತೆ ಹತ್ರ ಸಿಕ್ಕಿಬಿದ್ರು. 1295ರ ಬೇಸಿಗೆಯಲ್ಲಿ ಫುಮೋನೆ ಅನ್ನೋ ಗುಡ್ಡದ ಮೇಲಿನ ಕೋಟೇಲಿ ಸಣ್ಣ ಕೋಣೆಗೆ ಹಾಕಿದ್ರು, ಜೊತೆಗೆ ಅವರ ಸಂಘದ ಇಬ್ಬರು ಸನ್ಯಾಸಿಗಳು. ಒಂದು ಗೂಡು ಬೇಕು ಅಂದಿದ್ದೆ, ಗೂಡು ಸಿಕ್ತು ಅಂದ್ರಂತೆ, ಇದು ಅವರ ಶಿಷ್ಯರ ಕಡೆಯಿಂದ ಬಂದ ಮಾತು. 1296ರ ಮೇ 19ಕ್ಕೆ ಅಲ್ಲೇ ತೀರಿಕೊಂಡ್ರು. ಕೊಂದ್ರು ಅಂತಾನೂ ಸುದ್ದಿ ಹಬ್ಬಿತು, ತಲೆಬುರುಡೆಯಲ್ಲಿರೋ ಒಂದು ತೂತನ್ನ ತೋರಿಸಿ ಮೊಳೆ ಹೊಡೆದಿದ್ದು ಅಂತ ಹೇಳೋರು ಇವತ್ತಿಗೂ ಇದಾರೆ. ಆ ವಯಸ್ಸು, ಆ ಉಪವಾಸ, ಆ ಅಲೆದಾಟ, ಆ ಕೋಟೆಯ ಥಂಡಿ ಇಷ್ಟು ಸಾಕು, ಮೊಳೆ ಬೇಕಾಗಿಲ್ಲ.

ಸತ್ತ ಮೇಲೂ ಬೋನಿಫೇಸ್‌ಗೆ ಕಾಟ ತಪ್ಪಲಿಲ್ಲ. 1297ರಲ್ಲಿ ಕೊಲೊನ್ನಾ ಮನೆತನದ ಇಬ್ಬರು ಕಾರ್ಡಿನಲ್‌ಗಳು, ಪೋಪ್ ರಾಜೀನಾಮೆ ಕೊಡೋಕೆ ಬರೋದೇ ಇಲ್ಲ, ಹಾಗಾಗಿ ಬೋನಿಫೇಸ್ ಪೋಪೇ ಅಲ್ಲ ಅಂತ ಬಹಿರಂಗ ಹೇಳಿಕೆ ಹೊರಡಿಸಿದ್ರು. ತಮಾಷೆ ಏನಂದ್ರೆ 1294ರಲ್ಲಿ ರಾಜೀನಾಮೆ ಓದುವಾಗ ಈ ಇಬ್ರೂ ಸುಮ್ನೇ ಇದ್ದು ಆಮೇಲೆ ಬೋನಿಫೇಸ್ ಆಯ್ಕೆಯನ್ನೂ ಒಪ್ಪಿದ್ದೋರೇ, ಮಧ್ಯೆ ಜಮೀನು ದುಡ್ಡಿನ ಜಗಳ ಬಂದಾಗ ತತ್ವ ನೆನಪಾಯ್ತು. ಜೈಲ್ಸ್ ಆಫ್ ರೋಮ್ ಅನ್ನೋ ಪಂಡಿತ ಬೋನಿಫೇಸ್ ಪರವಾಗಿ, ಬಿಡೋಕೆ ಬರುತ್ತೆ ಅಂತ ಒಂದು ಇಡೀ ಗ್ರಂಥ ಬರೆದ. 1298ರಲ್ಲಿ ಬೋನಿಫೇಸ್ ತಮ್ಮ ಕಾನೂನು ಸಂಗ್ರಹದಲ್ಲಿ ಸೆಲೆಸ್ಟೈನ್ ನಿರ್ಧಾರವನ್ನ ಸೇರಿಸಿ, ಪೋಪ್ ಸ್ವತಂತ್ರವಾಗಿ ಪೀಠ ಬಿಡಬಹುದು ಅಂತ ಬರೆದು ಮುಗಿಸಿದ್ರು. ತನ್ನ ಪೀಠ ಉಳಿಸ್ಕೊಳ್ಳೋಕೆ ಬರೆದ ಸಾಲು ಅದು.

ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್‌ಗೂ ಬೋನಿಫೇಸ್‌ಗೂ ಆದ ಜಗಳ ಇನ್ನೊಂದು ದೊಡ್ಡ ಕಥೆ, 1303ರಲ್ಲಿ ಅವನ ಕಡೆಯವರು ಪೋಪ್ ಅವರ ಊರಿಗೇ ನುಗ್ಗಿ ಹಿಡಿದಿಟ್ಟು ಅವಮಾನ ಮಾಡಿದ್ರು, ಬೋನಿಫೇಸ್ ಅದಾಗಿ ಒಂದೇ ತಿಂಗಳಿಗೆ ಸತ್ರು. ಸತ್ತ ಮೇಲೂ ಬಿಡದ ಫಿಲಿಪ್, ಸೆಲೆಸ್ಟೈನ್‌ನ ಹುತಾತ್ಮ ಅಂತ ಘೋಷಿಸಿ ಅಂತ ಹಠ ಹಿಡಿದ, ಹುತಾತ್ಮ ಅಂದ್ರೆ ಕೊಂದೋರು ಬೋನಿಫೇಸ್ ಅಂತಾಗುತ್ತಲ್ಲ. 1313ರಲ್ಲಿ ಐದನೇ ಕ್ಲೆಮೆಂಟ್ ಸಂತ ಪದವಿಯನ್ನೇನೋ ಕೊಟ್ರು, ಆದ್ರೆ ಹುತಾತ್ಮ ಅಂತಲ್ಲ, ಹೆಸರು ಕೂಡ ಸೆಲೆಸ್ಟೈನ್ ಅಂತಲ್ಲ, ಸನ್ಯಾಸಿ ಪಿಯೆತ್ರೊ ಅಂತ. ಅಜ್ಜನಿಗೆ ಅದೇ ಬೇಕಿತ್ತು ಅನ್ಸುತ್ತೆ. ಇಟಲಿಯ ಕವಿ ಡಾಂಟೆ ಮಾತ್ರ ತನ್ನ ಕಾವ್ಯದಲ್ಲಿ ನರಕದ ಬಾಗಿಲಲ್ಲೇ, ಹೇಡಿತನದಿಂದ ದೊಡ್ಡದನ್ನ ನಿರಾಕರಿಸಿದ ಒಬ್ಬನ ನೆರಳನ್ನ ಹೆಸರು ಹೇಳದೆ ನಿಲ್ಲಿಸಿಬಿಟ್ಟ, ಓದಿದೋರು ಬಹಳಷ್ಟು ಜನ ಅದು ಸೆಲೆಸ್ಟೈನೇ ಅಂದ್ರು. ಡಾಂಟೆಗೆ ಬೋನಿಫೇಸ್‌ನಿಂದ ಆದ ನಷ್ಟಕ್ಕೆ, ಅಂದ್ರೆ ಊರಿಂದಲೇ ಗಡೀಪಾರಾಗಿದ್ದಕ್ಕೆ, ಜಾಗ ಬಿಟ್ಟುಕೊಟ್ಟ ಅಜ್ಜನ ಮೇಲೂ ಸಿಟ್ಟು ಬಂದಿರಬೇಕು.

2009ರ ಏಪ್ರಿಲ್ 6ಕ್ಕೆ ಲಾಕ್ವಿಲಾದಲ್ಲಿ ಭೂಕಂಪ ಆಗಿ 300ಕ್ಕೂ ಹೆಚ್ಚು ಜನ ಸತ್ರು, ಕೊಲ್ಲೆಮಾಜ್ಜೊ ಚಾವಣಿಯ ಒಂದು ಭಾಗ ಕುಸೀತು, ಸೆಲೆಸ್ಟೈನ್ ದೇಹ ಇದ್ದ ಪೆಟ್ಟಿಗೇನ ಅವಶೇಷದಿಂದ ಹೊರಗೆ ತೆಗೆದ್ರು. ಅದೇ ತಿಂಗಳ 28ಕ್ಕೆ ಹದಿನಾರನೇ ಬೆನೆಡಿಕ್ಟ್ ಅಲ್ಲಿಗೆ ಹೋಗಿ, 2005ರಲ್ಲಿ ಪೋಪ್ ಆದಾಗ ಹೆಗಲ ಮೇಲೆ ಹಾಕಿದ್ದ ಉಣ್ಣೆಯ ಪಟ್ಟಿಯನ್ನ ಆ ಪೆಟ್ಟಿಗೆ ಮೇಲೆ ಇಟ್ಟು ಬಂದ್ರು. ಆಗ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. 2013ರ ಫೆಬ್ರವರಿ 11ಕ್ಕೆ ಲ್ಯಾಟಿನ್‌ನಲ್ಲಿ ರಾಜೀನಾಮೆ ಓದಿದ ಮೇಲೆ ಎಲ್ರೂ ಆ ಫೋಟೋ ಹುಡುಕಿ ತೆಗೆದ್ರು. ಅವರು ಬಿಟ್ಟಿದ್ದು ಚರ್ಚಿನ 1983ರ ಕಾನೂನಿನ 332ನೇ ನಿಯಮದ ಪ್ರಕಾರ: ಸ್ವಂತ ಇಚ್ಛೆಯಿಂದ ಬಿಡ್ಬೇಕು, ಸರಿಯಾಗಿ ಪ್ರಕಟಿಸ್ಬೇಕು, ಯಾರೂ ಅಂಗೀಕಾರ ಮಾಡ್ಬೇಕಾಗಿಲ್ಲ. ಬೋನಿಫೇಸ್ ಬರೆದಿಟ್ಟ ಸಾಲಿನ ಮೊಮ್ಮಗ ಅದು.

ಆ ನಿಯಮದಲ್ಲಿ ಮಾಜಿ ಪೋಪ್ ಎಲ್ಲಿರ್ಬೇಕು, ಏನು ಹಾಕ್ಕೋಬೇಕು, ಏನಂತ ಕರೀಬೇಕು ಅನ್ನೋದರ ಬಗ್ಗೆ ಒಂದು ಅಕ್ಷರಾನೂ ಇಲ್ಲ. ಬೆನೆಡಿಕ್ಟ್ ತಾವೇ ವಿಶ್ರಾಂತ ಪೋಪ್ ಅನ್ನೋ ಹೆಸರು ಇಟ್ಕೊಂಡು, ಬಿಳಿ ನಿಲುವಂಗಿ ಹಾಗೇ ಉಳಿಸ್ಕೊಂಡು ವ್ಯಾಟಿಕನ್ ಒಳಗಿನ ಒಂದು ಮಠದಲ್ಲಿ 2022ರ ಡಿಸೆಂಬರ್ 31ರವರೆಗೆ ಹತ್ತಿರ ಹತ್ತಿರ ಹತ್ತು ವರ್ಷ ಇದ್ರು. ಈ ಸಲ ಕಾವಲಿಲ್ಲ, ಕೋಟೆ ಇಲ್ಲ, ಆದ್ರೂ ಹೊಸ ಪೋಪ್ ಹಿಡಿಸದವರು ಹಳೇ ಪೋಪ್ ಕಡೆ ಬೆರಳು ತೋರಿಸೋದು ಮಾತ್ರ ನಡೀತಾನೇ ಇತ್ತು, ಬೋನಿಫೇಸ್ ಹೆದರಿದ್ದು ಇದಕ್ಕೇ. ಬೆನೆಡಿಕ್ಟ್ ಬಿಟ್ಟ ಮೇಲೆ ಪೋಪ್ ಆದ ಫ್ರಾನ್ಸಿಸ್ 2022ರ ಆಗಸ್ಟ್ 28ಕ್ಕೆ ಕೊಲ್ಲೆಮಾಜ್ಜೊಗೆ ಹೋಗಿ ಕ್ಷಮಾದಾನದ ಬಾಗಿಲು ತೆರೆದು, ಸೆಲೆಸ್ಟೈನ್ ಇಲ್ಲ ಅಂದವರಲ್ಲ ಹೌದು ಅಂದವರು ಅಂತ ಡಾಂಟೆಗೆ ಉತ್ತರ ಕೊಟ್ರು. ಒಂದು ವೇಳೆ ತಾವು ಬಿಟ್ರೆ ರೋಮ್‌ನ ವಿಶ್ರಾಂತ ಬಿಷಪ್ ಅಂತ ಇರ್ತೀನಿ ಅಂತಾನೂ ಅದೇ ವರ್ಷ ಒಂದು ಸಂದರ್ಶನದಲ್ಲಿ ಹೇಳಿದ್ರು. ಅವರು 2025ರ ಏಪ್ರಿಲ್ 21ಕ್ಕೆ ಪೋಪ್ ಆಗೇ ತೀರಿಕೊಂಡ್ರು, 332ನೇ ನಿಯಮ ಹಾಗೇ ಇದೆ.